ಮಳೆ ಹಿಂದೆ ಸರಿದ ಮೇಲಿನ ಎರಡು ತಿಂಗಳು: ನಿಮ್ಮ ಊರಿನ ಆಶ್ವಯುಜ, ಕಾರ್ತಿಕ ಹೇಗಿರುತ್ತವೆ?

ತೋಟದಮನೆ (ಸಾಗರ)

ಎಲ್ಲರಿಗೂ ನಮಸ್ಕಾರ. ಮಳೆಗಾಲದ ಬಗ್ಗೆ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಚಳಿಗಾಲದ ಅವರೆಕಾಯಿಗೂ ಬೇಸಿಗೆಯ ಮಾವಿನಹಣ್ಣಿಗೂ ಅಭಿಮಾನಿಗಳ ಕೊರತೆಯಿಲ್ಲ. ನವರಾತ್ರಿಗೆ ತೊಡಗಿ ಕಾರ್ತಿಕದ ಕೊನೆಯವರೆಗೆ ನಡೆಯುವ ಶರದೃತುವನ್ನು ಮಾತ್ರ ನಾವು ಹಬ್ಬಗಳ ಪಟ್ಟಿಯನ್ನಾಗಿ ಮಾಡಿಕೊಂಡು ಬಿಟ್ಟಿದ್ದೇವೆ. ಒಂದು ಹಬ್ಬಕ್ಕೂ ಇನ್ನೊಂದು ಹಬ್ಬಕ್ಕೂ ನಡುವಿನ ದಿನಗಳಲ್ಲಿ ಮನೆ, ಹೊಲ, ಬೀದಿ ಹೇಗೆ ಬದಲಾಗುತ್ತವೆ ಎಂಬುದನ್ನು ಬರೆದಿಡುವವರು ಕಡಿಮೆ. ನಮ್ಮ ಕಡೆಯದನ್ನು ನಾನು ಹೇಳುತ್ತೇನೆ, ನಿಮ್ಮ ಕಡೆಯದನ್ನು ನೀವು ಹೇಳಿ.

ಮಲೆನಾಡಿನಲ್ಲಿ ಈ ಕಾಲದ ಮೊದಲ ಸುಖವೆಂದರೆ ಬಿಸಿಲು. ಜೂನ್ ತಿಂಗಳಿನಿಂದ ನೀರು ಕುಡಿದು ಕುಡಿದು ಹಸಿರಾಗಿರುವ ಅಂಗಳದಲ್ಲಿ ಕಾಲು ಜಾರದಿರಲೆಂದು ಹಾಸಿಟ್ಟ ಅಡಿಕೆ ದಬ್ಬೆಗಳನ್ನು ಎತ್ತಿ ಬದಿಗಿಡುವ ದಿನ ಒಂದು ಬರುತ್ತದೆ. ಅಂದಿನಿಂದ ಮನೆಯಲ್ಲಿ ಎಲ್ಲರಿಗೂ ಹೊರಗಿನ ಕೆಲಸ. ಪಾಚಿಯನ್ನು ಕೆತ್ತಿ ತೆಗೆಯಬೇಕು, ಅಂಗಳ ಬಡಿದು ಸಮ ಮಾಡಿ ಸಗಣಿ ಸಾರಿಸಬೇಕು, ಅಟ್ಟದ ಮೇಲಿದ್ದ ತಟ್ಟಿಗಳನ್ನು ಇಳಿಸಿ ಚಪ್ಪರ ಕಟ್ಟಬೇಕು. ಈ ನಡುವೆ ಹಾಸಿಗೆ, ಕಂಬಳಿ, ಬೂಷ್ಟು ಹಿಡಿದ ಚರ್ಮದ ಚಪ್ಪಲಿ, ಪುಟಗಳು ಒಂದಕ್ಕೊಂದು ಅಂಟಿಕೊಂಡ ಪಂಚಾಂಗ, ಮೆತ್ತಗಾದ ಹಪ್ಪಳ, ಎಲ್ಲವೂ ಸಾಲಾಗಿ ಬಿಸಿಲಿಗೆ ಬರುತ್ತವೆ. ನಾಲ್ಕು ತಿಂಗಳು ಒಲೆಯ ಮೇಲಿನ ಹಗ್ಗದಲ್ಲಿ ಹೊಗೆ ಕುಡಿದು ಒಣಗಿದ ಬಟ್ಟೆಯನ್ನು ಉಟ್ಟವರಿಗೆ ಬಿಸಿಲಿನಲ್ಲಿ ಒಣಗಿದ ಪಂಚೆಯ ಗರಿಗರಿ ಏನೆಂಬುದು ಗೊತ್ತಿರುತ್ತದೆ. ಬಯಲುಸೀಮೆಯ ಸ್ನೇಹಿತರಿಗೆ ಇದನ್ನು ಎಷ್ಟು ವಿವರಿಸಿದರೂ ನಗುತ್ತಾರೆ.

ಎರಡನೆಯದು ಅಡಿಕೆ. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆಗಳ ಕೊಯ್ಲು, ಶುರುವಾದ ಮೇಲೆ ತೋಟದ ಸದ್ದೇ ಬೇರೆ. ಕೊನೆಗಾರ ಕಾಲಿಗೆ ತಳೆ ಹಾಕಿ ಮರ ಹತ್ತಿ, ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಹಾಯುತ್ತ, ಕೊನೆಯನ್ನು ಹಗ್ಗದ ಮೇಲೆ ಸರ್ರನೆ ಕೆಳಕ್ಕೆ ಬಿಡುವುದನ್ನು ನೋಡಲು ಮಕ್ಕಳೆಲ್ಲ ಸೇರುತ್ತಿದ್ದ ಕಾಲವಿತ್ತು. ಈಗ ಮರ ಹತ್ತುವವರು ಸಿಗುವುದು ಕಷ್ಟವಾಗಿ, ನೆಲದ ಮೇಲೆ ನಿಂತೇ ಕೊಯ್ಯುವ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಮೆಟ್ಟುಗತ್ತಿಯ ಮುಂದೆ ಹತ್ತು ಹದಿನೈದು ಜನ ಕುಳಿತು, ಕಥೆ ಹೇಳಿಕೊಂಡು ನಡುರಾತ್ರಿಯವರೆಗೆ ಸುಲಿಯುತ್ತಿದ್ದ ಜಾಗದಲ್ಲಿ ಹಲವರ ಮನೆಗಳಲ್ಲಿ ಸುಲಿಯುವ ಯಂತ್ರ ಗಡಗಡ ಎನ್ನುತ್ತದೆ. ಆದರೆ ಚೊಗರು (ಹಿಂದೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಹಾಕಿ ಹಂಡೆಯಲ್ಲಿ ಅಡಿಕೆ ಬೇಯಿಸುವಾಗ ಏಳುವ ಒಗರು ವಾಸನೆ ಮಾತ್ರ ಬದಲಾಗಿಲ್ಲ.

ಬೇಯಿಸಿದ ಅಡಿಕೆಗೆ ಆರೇಳು ಬಿಸಿಲು ಬೇಕು. ನಾವು ಅದನ್ನು ದಿನವೆಂದು ಎಣಿಸುವುದಿಲ್ಲ, ಬಿಸಿಲೆಂದೇ ಎಣಿಸುತ್ತೇವೆ. ಮೋಡ ಕವಿದ ದಿನ ಲೆಕ್ಕಕ್ಕಿಲ್ಲ. ಮೊದಲ ಬಿಸಿಲಿನಲ್ಲಿ ಚಪ್ಪರದ ಮೇಲೆ ಅಡಿಕೆಯನ್ನು ಕೈಯಾಡಿಸಿದರೆ ಒದ್ದೆ ಮಣ್ಣು ಕೆದಕಿದಷ್ಟೇ ಸದ್ದು. ಮೂರನೆಯ ಬಿಸಿಲಿನ ಹೊತ್ತಿಗೆ ಕಾಯಿಗೆ ಕಾಯಿ ತಾಗುವುದು ಕೇಳಿಸುತ್ತದೆ. ಪೂರ್ತಿ ಒಣಗಿದಾಗ ಗಲಗಲ ಎನ್ನುತ್ತದೆ, ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಹಿರಿಯರಂತೂ ಜಗುಲಿಯ ಮೇಲೆ ಕವಳ ಹಾಕಿಕೊಂಡು ಕುಳಿತಲ್ಲಿಂದಲೇ "ಇನ್ನೊಂದು ಬಿಸಿಲು ಬೇಕು, ತುಂಬಬೇಡ" ಎಂದು ತೀರ್ಪು ಕೊಡುತ್ತಾರೆ.

ನನ್ನ ಅನಿಸಿಕೆ ಇಷ್ಟು: ಈ ಋತುವಿನ ಸಂತೋಷಗಳೆಲ್ಲ ದುಡಿಮೆಯ ಒಳಗೇ ಇರುವಂಥವು, ಬಿಡುವು ಮಾಡಿಕೊಂಡು ಅನುಭವಿಸುವಂಥವಲ್ಲ. ನಿಮ್ಮ ಊರುಗಳಲ್ಲಿಯೂ ಹೀಗೆಯೇ ಇದೆಯೇ?


ಎರೆಹೊಲ (ನವಲಗುಂದ)

ತೋಟದಮನೆಯವರಿಗೆ ಶರಣು. ನಿಮಗೆ ಮಳೆ ಹೋದರೆ ಸಂತೋಷ, ನಮಗೆ ಮಳೆ ಹೋಗುವ ಮುಂಚೆ ಒಂದು ಸಲ ಚೆನ್ನಾಗಿ ಬಂದು ಹೋದರೆ ಸಂತೋಷ. ಹಿಂಗಾರಿ ಜೋಳ, ಕಡಲೆ, ಕುಸುಬೆ, ಗೋದಿ ಇವೆಲ್ಲ ಬೆಳೆಯುವುದು ಎರೆ ಮಣ್ಣು ಹಿಡಿದಿಟ್ಟುಕೊಂಡ ಹಸಿಯ ಮೇಲೆ. ಬಿತ್ತಿದ ನಂತರ ಒಂದೆರಡು ಮಳೆಯಾದರೆ ಅದು ದೇವರು ಕೊಟ್ಟದ್ದು, ಆಗದಿದ್ದರೆ ಭೂಮಿಯೊಳಗಿನ ಹಸಿ ಮತ್ತು ಮುಂಜಾನೆಯ ಇಬ್ಬನಿಯ ಮೇಲೆಯೇ ಜೋಳ ತೆನೆಯಾಗಬೇಕು. ಆದ್ದರಿಂದ ಹಸ್ತ, ಚಿತ್ತಿ, ಸ್ವಾತಿ ಎಂದು ಮಳೆಗಳ ಹೆಸರು ಹಿಡಿದು ಕಾಯುವುದೇ ಈ ಕಾಲದ ನಮ್ಮ ಕೆಲಸ. "ಕುರುಡು ಚಿತ್ತೆ ಎರಚಿದತ್ತ ಬೆಳೆ" ಎಂಬ ಗಾದೆಯನ್ನು ಪುಸ್ತಕದಲ್ಲಿ ಓದುವುದು ಬೇರೆ. ರಸ್ತೆಯ ಆಚೆ ಬದಿಯ ಹೊಲ ತೊಯ್ದು ನಮ್ಮದು ಒಣಗಿ ನಿಂತಿರುವುದನ್ನು ಬದುವಿನ ಮೇಲೆ ನಿಂತು ನೋಡುವುದು ಬೇರೆ.

ಹದ ನೋಡುವ ಪರಿಯನ್ನು ಹೇಳುತ್ತೇನೆ. ಮಳೆ ನಿಂತ ಎರಡು ಮೂರು ದಿನಕ್ಕೆ ಮಣ್ಣನ್ನು ಗೇಣುದ್ದ ಅಗೆದು, ಒಂದು ಹಿಡಿ ತೆಗೆದು ಅಂಗೈಯಲ್ಲಿ ಒತ್ತಿ ಉಂಡೆ ಮಾಡಬೇಕು. ಬೆರಳಿಗೆ ಅಂಟಿಕೊಂಡರೆ ಇನ್ನೂ ಕಾಯಬೇಕು, ಉಂಡೆಯಾಗದೆ ಉದುರಿದರೆ ಹೊತ್ತು ಮೀರಿತು. ಉಂಡೆಯಾಗಿ ನಿಂತು, ಎದೆಮಟ್ಟದಿಂದ ಕೆಳಗೆ ಬಿಟ್ಟಾಗ ಒಡೆದರೆ ಕೂರಿಗೆ ಹೂಡಬಹುದು. ನಮ್ಮಪ್ಪ ಕೈಗೆ ಎತ್ತಿಕೊಳ್ಳುವುದೂ ಇಲ್ಲ, ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದು ಬಂದು "ನಾಳೆ ಬಿತ್ತೋಣು" ಎನ್ನುತ್ತಾರೆ.

ಬಿತ್ತನೆಯ ಗಡಿಬಿಡಿಯ ನಡುವೆಯೇ ವಿಜಯದಶಮಿ ಬರುತ್ತದೆ. ಸಂಜೆ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗಿ, "ಬನ್ನಿ ತಗೊಂಡು ಬಂಗಾರದಂಗ ಇರೋಣು" ಎಂದು ಹಿರಿಯರ ಕೈಗೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡುವುದು ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿ. ನಾನು ಮೆಚ್ಚುವುದು ಇದರ ಒಂದು ಉಪಯೋಗವನ್ನು. ವರ್ಷಪೂರ್ತಿ ಬದುವಿನ ಜಗಳಕ್ಕೋ ನೀರಿನ ಜಗಳಕ್ಕೋ ಮಾತು ಬಿಟ್ಟವರು ಆ ಸಂಜೆ ಎದುರಾದರೆ ಬನ್ನಿ ಕೊಡದೆ ಹೋಗುವಂತಿಲ್ಲ. ಕೊಟ್ಟ ಮೇಲೆ ಮಾತಾಡಲೇಬೇಕು. ಮರುದಿನ ಮತ್ತೆ ಜಗಳವಾಗುವುದೂ ಉಂಟು, ಅದು ಬೇರೆ ಮಾತು.

ಸೀಗಿ ಹುಣ್ಣಿಮೆಗೆ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. ಸಜ್ಜಿರೊಟ್ಟಿ, ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಕರಿಗಡುಬು, ಬಾನದ ಬುತ್ತಿ, ಮೊಸರನ್ನ. ಹೊಲದಲ್ಲಿ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿ, ಒಬ್ಬರು "ಹುಲ್ಲುಲ್ಲಿಗೋ" ಎಂದರೆ ಹಿಂದಿನವರು "ಚೆಲ್ಲಂಬರಿಗೋ" ಎನ್ನುತ್ತ ಹೊಲದ ಸುತ್ತ ಚರಗ, ಅಂದರೆ ಭೂಮಿತಾಯಿಗೆ ಅರ್ಪಿಸುವ ಅಡುಗೆ, ಚೆಲ್ಲುತ್ತಾರೆ. ಈ ಕೂಗು ಊರಿಂದೂರಿಗೆ ಸ್ವಲ್ಪ ಬೇರೆಯಾಗುತ್ತದೆ. ಮೊದಲು ಸವಾರಿ ಕಟ್ಟಿದ ಚಕ್ಕಡಿಗಳಲ್ಲಿ ಹೋಗುತ್ತಿದ್ದೆವು, ಈಗ ಟ್ರ್ಯಾಕ್ಟರ್ ಟ್ರೇಲರಿನಲ್ಲಿ. ಗಿಡದ ನೆರಳಿನಲ್ಲಿ ಅಕ್ಕಪಕ್ಕದ ಹೊಲದವರೆಲ್ಲ ಕೂಡಿ ಕುಳಿತು, ಇವರ ಬುತ್ತಿಯ ಚಟ್ನಿ ಅವರಿಗೆ, ಅವರ ಕಡುಬು ಇವರಿಗೆ ಎಂದು ಹಂಚಿಕೊಂಡು ಉಣ್ಣುವುದರಲ್ಲಿ ಕೊರತೆಯೇನೂ ಬಂದಿಲ್ಲ.


ಬಸವನಗುಡಿಯ ಹಳಬ (ಬೆಂಗಳೂರು)

ಹೊಲವಿಲ್ಲದ, ತೋಟವಿಲ್ಲದ, ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ನನ್ನಂಥವನಿಗೆ ಈ ಋತು ಗೊತ್ತಾಗುವುದು ಬೆಳಗಿನ ನಡಿಗೆಯ ಫುಟ್‌ಪಾತಿನಲ್ಲಿ. ಅಕ್ಟೋಬರ್ ಬರುತ್ತಿದ್ದಂತೆ ಆಕಾಶಮಲ್ಲಿಗೆಯ ಮರಗಳು ರಾತ್ರಿಯೆಲ್ಲ ಹೂವು ಉದುರಿಸಿ, ಕಸ ಗುಡಿಸುವವರು ಬರುವ ಮೊದಲು ಹೋದವರಿಗೆ ಕಾಲಿಡಲು ಜಾಗವಿಲ್ಲದಂತೆ ಹಾಸಿಬಿಟ್ಟಿರುತ್ತವೆ. ಹೂವಿನ ಉದ್ದನೆಯ ಬಿಳಿ ಕೊಳವೆಯನ್ನು ಮಕ್ಕಳು ಜಡೆ ಹೆಣೆದಂತೆ ಒಂದಕ್ಕೊಂದು ಸೇರಿಸಿ ಹೆಣೆಯುತ್ತಾರೆ, ದಾರವೇ ಬೇಡ. ಕಾಂಪೌಂಡಿನ ಪಾರಿಜಾತವೂ ಇದೇ ಕಾಲಕ್ಕೆ ಕೈತುಂಬ ಸಿಗುತ್ತದೆ. ನೆಲಕ್ಕೆ ಬಿದ್ದ ಹೂವನ್ನು ದೇವರಿಗೆ ಏರಿಸಬಹುದಾದದ್ದು ಅದೊಂದೇ ಎಂದು ನಮ್ಮ ಮನೆಯವರ ಅಂಬೋಣ.

ನವರಾತ್ರಿಯ ಸಂಜೆ "ಗೊಂಬೆ ಕೂರಿಸಿದ್ದೀರಾ?" ಎಂದು ಕೇಳಿಕೊಂಡು ಮಕ್ಕಳ ಗುಂಪು ಗೇಟು ತೆಗೆಯುತ್ತಿತ್ತು. ದಿನಕ್ಕೊಂದು ಬಗೆಯ ಗೊಂಬೆ ಬಾಗಿನವೆಂದರೆ ಕೋಡುಬಳೆ, ರವೆಉಂಡೆ, ಕೊಬ್ಬರಿ ಮಿಠಾಯಿ, ಹುರಿಗಾಳು. ಯಾವ ಮನೆಯಲ್ಲಿ ಯಾವ ದಿನ ಏನು ಎಂಬ ಮಾಹಿತಿ ಆ ಗುಂಪಿಗೆ ಪಕ್ಕಾ ಇರುತ್ತಿತ್ತು. ಈಗ ಮಕ್ಕಳು ತಾವಾಗಿ ಬರುವುದಿಲ್ಲ, ತಾಯಂದಿರಿಗೆ ವಾಟ್ಸ್ಆ್ಯಪಿನಲ್ಲಿ ಹೊತ್ತು ತಿಳಿಸಿ ಕರೆಯಬೇಕು. ಬಂದ ಮಕ್ಕಳು ಮೇಲಿನ ಮೆಟ್ಟಿಲಿನ ಪಟ್ಟದ ಗೊಂಬೆಗಿಂತ ಕೆಳಗೆ ಮರಳಿನಲ್ಲಿ ಮಾಡಿದ ಪಾರ್ಕನ್ನೂ ಅದರಲ್ಲಿ ನಿಲ್ಲಿಸಿದ ಪ್ಲಾಸ್ಟಿಕ್ ಕಾರುಗಳನ್ನೂ ಹೆಚ್ಚು ಹೊತ್ತು ನೋಡುತ್ತಾರೆ. ನಾವೂ ಅದನ್ನೇ ನೋಡುತ್ತಿದ್ದೆವು.

ಇನ್ನು ಕಡಲೆಕಾಯಿ ಪರಿಷೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ನಡೆಯುವ ಈ ಪರಿಷೆಗೆ ಹಿಂದೆ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಮುಂತಾದ ಸುತ್ತಲ ಹಳ್ಳಿಗಳ ರೈತರು ಮೊದಲ ಬೆಳೆಯನ್ನು ತಂದು ಬಸವನಿಗೆ ಅರ್ಪಿಸುತ್ತಿದ್ದರು, ಹುಣ್ಣಿಮೆಯ ರಾತ್ರಿಗಳಲ್ಲಿ ಹೊಲಕ್ಕೆ ನುಗ್ಗಿ ಬೆಳೆ ಮೇಯುತ್ತಿದ್ದ ಬಸವ ಕಲ್ಲಾಗಿ ನಿಂತ ಎಂಬ ಕಥೆ ಅದರ ಹಿಂದಿದೆ. ಆ ಹಳ್ಳಿಗಳೆಲ್ಲ ಈಗ ಬಡಾವಣೆಗಳ ಹೆಸರು, ಅಷ್ಟೇ. ಕಡಲೆಕಾಯಿ ಕೋಲಾರ, ಚಿಕ್ಕಬಳ್ಳಾಪುರ, ಮಾಗಡಿ ಕಡೆಯಿಂದಲೂ ಆಂಧ್ರ, ತಮಿಳುನಾಡಿನಿಂದಲೂ ಬರುತ್ತದೆ. ನನಗಿರುವ ತಕರಾರೆಂದರೆ ಪರಿಷೆಯಲ್ಲಿ ಕಡಲೆಕಾಯಿಗಿಂತ ಪ್ಲಾಸ್ಟಿಕ್ ಆಟಿಕೆ ಮತ್ತು ಬೆಳಕು ಬೀರುವ ಕೊಂಬುಗಳೇ ಹೆಚ್ಚಾಗುತ್ತಿವೆ ಎಂಬುದು. ಹೋಗುವವರಿಗೆ ನನ್ನ ಸಲಹೆ: ಸೋಮವಾರ ಸಂಜೆ ಹೋಗಿ ತಳ್ಳಾಟದಲ್ಲಿ ಸಿಕ್ಕಿಕೊಳ್ಳಬೇಡಿ, ಹಿಂದಿನ ದಿನ ಬೆಳಗ್ಗೆ ಬೇಗ ಹೋಗಿ. ರಾಶಿ ಸುರಿಯುತ್ತಿರುತ್ತಾರೆ, ಮಣ್ಣು ಮೆತ್ತಿದ ಹಸಿಕಾಯಿ ಸಿಗುತ್ತದೆ, ಸೇರಿನಲ್ಲಿ ಅಳೆಯುವವರು ಮೇಲೊಂದು ಹಿಡಿ ಕೊಸರು ಹಾಕುವಷ್ಟು ಪುರಸೊತ್ತಿನಲ್ಲಿರುತ್ತಾರೆ.


ಬುಟ್ಟಿ ಚಿತ್ತಾರ (ಹೊಸನಗರ)

ಎಲ್ಲರ ಬರಹವನ್ನೂ ಓದಿದೆ, ಚೆನ್ನಾಗಿದೆ. ಆದರೆ ಒಂದು ಮಾತು ಕೇಳಬೇಕೆನಿಸಿತು. ಸಾಗರದ ಅಣ್ಣ ಅಂಗಳಕ್ಕೆ ಸಗಣಿ ಸಾರಿಸಬೇಕು ಎಂದು ಬರೆದರು, ಸಾರಿಸುವವರು ಯಾರು? ನವಲಗುಂದದವರು ಬುತ್ತಿಯ ಪಟ್ಟಿ ಕೊಟ್ಟರು. ಅಷ್ಟು ರೊಟ್ಟಿ ಬಡಿಯಲು ಎಷ್ಟು ಹೊತ್ತಿಗೆ ಎದ್ದಿರಬೇಕು ಎಂಬುದು ಅದರಲ್ಲಿ ಇಲ್ಲ. ಕೋಡುಬಳೆಯೂ ತಾನಾಗಿ ಕರಿದುಕೊಳ್ಳುವುದಿಲ್ಲ. ದುಡಿಮೆಯ ಒಳಗೇ ಸಂತೋಷವಿದೆ ಎಂಬುದನ್ನು ಒಪ್ಪುತ್ತೇನೆ, ಆದರೆ ದುಡಿಮೆ ಒಬ್ಬರದಾಗಿ ಸಂತೋಷ ಇನ್ನೊಬ್ಬರದಾಗುವುದೂ ಇದೆ.

ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಭೂಮಿ ಹುಣ್ಣಿಮೆಯ (ನವಲಗುಂದದವರ ಸೀಗಿ ಹುಣ್ಣಿಮೆಯ ದಿನವೇ) ಕೆಲಸ ದಸರಾ ಮುಗಿಯುವ ಮೊದಲೇ ಆರಂಭವಾಗುತ್ತದೆ. ಅಡುಗೆಯನ್ನು ಗದ್ದೆಗೆ ಹೊತ್ತೊಯ್ಯುವ ಭೂಮಣ್ಣಿ ಬುಟ್ಟಿಗೆ ಮೊದಲು ಸಗಣಿ ಬಳಿದು, ಮೇಲೆ ಕೆಮ್ಮಣ್ಣು ಹಚ್ಚಿ ಒಣಗಿಸಿ, ನೆನೆಸಿ ಅರೆದ ಅಕ್ಕಿಯ ಹಿಟ್ಟಿನಿಂದ ಬಿಳಿ ಗೆರೆಗಳನ್ನು ಎಳೆಯಬೇಕು. ಕುಂಚವೆಂದರೆ ಪುಂಡಿ ನಾರು. ಎಳೆ ಎಷ್ಟು ಸಣ್ಣದೆಂದರೆ, ಉಸಿರು ಬಿಗಿಹಿಡಿದು ಬುಟ್ಟಿಯನ್ನು ಎಡಗೈಯಿಂದ ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಬಲಗೈಯನ್ನು ಅಲುಗಿಸದೆ ಇಟ್ಟರೆ ಮಾತ್ರ ಗೆರೆ ನೇರ ಬರುತ್ತದೆ; ಕೈ ಓಡಿಸಲು ಹೋದವರ ಗೆರೆ ಬುಟ್ಟಿಯ ಹೆಣಿಗೆಯ ಉಬ್ಬುತಗ್ಗಿನಲ್ಲಿ ಮುರಿಯುತ್ತದೆ. ಭತ್ತದ ಸಸಿ, ಬಂಡಿ, ಏಣಿ, ಗೊಂಬೆಗಳು, ಇವನ್ನೆಲ್ಲ ಅಜ್ಜಿ ಯಾವ ಗುರುತೂ ಹಾಕಿಕೊಳ್ಳದೆ ಬರೆಯುತ್ತಿದ್ದರು. ಈ ಕೆಲಸ ನಮಗೆ ನಿಜವಾಗಿಯೂ ಸಂತೋಷದ್ದು. ಮಧ್ಯಾಹ್ನದ ಊಟವಾದ ಮೇಲೆ ಹೆಂಗಸರೆಲ್ಲ ಜಗುಲಿಯಲ್ಲಿ ಕೂತಾಗ ಬೇರೆ ಯಾರೂ ಏನೂ ಕೆಲಸ ಹೇಳುವುದಿಲ್ಲ.

ಹುಣ್ಣಿಮೆಯ ಹಿಂದಿನ ರಾತ್ರಿಯ ಅಡುಗೆ ಹಾಗಲ್ಲ. ಹತ್ತಾರು ಬಗೆಯ ಬೆರಕೆ ಸೊಪ್ಪು ಆಯ್ದು, ಅಮಟೆಕಾಯಿ ಹಾಕಿ ಬೇಯಿಸಬೇಕು, ಕೊಟ್ಟೆ ಕಡುಬು ಕಟ್ಟಬೇಕು, ಬೆಳಗಿನವರೆಗೆ ಒಲೆ ಆರುವಂತಿಲ್ಲ. ನಸುಕಿನಲ್ಲಿ ಗಂಡಸರು ಬುಟ್ಟಿ ಹೊತ್ತು "ಅಚ್ಚಂಬಲಿ, ಹಾಲಂಬಲಿ" ಎಂದು ಕೂಗುತ್ತ ಗದ್ದೆಗೆ ಬೀರಿ ಬರುತ್ತಾರೆ. ಹೊಡೆ ತುಂಬಿದ ಭತ್ತವೆಂದರೆ ಬಸುರಿ ಭೂಮಿತಾಯಿ, ಅವಳಿಗೆ ಬಯಕೆಯ ಊಟ ಎಂಬುದು ಇದರ ಅರ್ಥ. ಗದ್ದೆಯಲ್ಲಿ ಭತ್ತದ ಬುಡಕ್ಕೆ ತಾಳಿ, ಒಡವೆ ಹಾಕಿ ಪೂಜಿಸುತ್ತೇವೆ. ಭೂಮಿಯ ಬಸಿರಿನ ಬಯಕೆಯನ್ನು ತೀರಿಸಲು ಇಡೀ ರಾತ್ರಿ ನಿದ್ದೆಗೆಟ್ಟವರು ಪೂಜೆಯ ಹೊತ್ತಿಗೆ ತೂಕಡಿಸುತ್ತಿರುತ್ತಾರೆ ಎಂಬುದನ್ನೂ ಯಾರಾದರೂ ಬರೆಯಲಿ ಎಂದು ನಾನೇ ಬರೆದೆ.


ಕಡಲತಡಿ (ಕುಂದಾಪುರ)

ಹೊಸನಗರದ ಅಕ್ಕ ಹೇಳಿದ್ದು ಸರಿ. ನಮ್ಮ ಮನೆಯಲ್ಲಿ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಬಾವಿಯಿಂದ ನೀರು ಸೇದಿ ಹಂಡೆ ತುಂಬುವುದು ಗಂಡುಮಕ್ಕಳ ಪಾಲಿಗೆ ಬಂದಿದೆ ಎಂಬುದನ್ನು ಸಮಾಧಾನಕ್ಕೆಂದು ಹೇಳಬಹುದೇನೋ. ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ, ಕುತ್ತಿಗೆಗೆ ಹಿಂಡ್ಲೆಕಾಯಿಯ ಬಳ್ಳಿ ಸುತ್ತುತ್ತೇವೆ. ಮರುದಿನ ಬೆಳಕು ಹರಿಯುವ ಮುಂಚೆ ಎಣ್ಣೆಸ್ನಾನ.

ಕರಾವಳಿಯಲ್ಲಿ ಈ ಕಾಲದ ಬದಲಾವಣೆ ಕಡಲಿನಿಂದ ಶುರುವಾಗುತ್ತದೆ. ಯಾಂತ್ರಿಕ ದೋಣಿಗಳಿಗೆ ಜೂನ್ ಮತ್ತು ಜುಲೈ ತಿಂಗಳಲ್ಲಿ ನಿಷೇಧವಿರುತ್ತದೆ. ಆಗಸ್ಟಿನಲ್ಲಿ ದೋಣಿಗಳು ಇಳಿದರೂ ಕಡಲು ಇನ್ನೂ ಗಡಿಬಿಡಿಯಲ್ಲಿರುತ್ತದೆ. ನವರಾತ್ರಿ ಕಳೆದ ಮೇಲೆ ನೀರು ತಿಳಿಯಾಗಿ, ಅಲೆಯ ಸದ್ದು ಮನೆಯೊಳಗೆ ಕೇಳುವುದು ನಿಂತು, ಮೀನು ಮಾರುವ ಹೆಂಗಸರ ಬುಟ್ಟಿಯಲ್ಲಿ ಬಂಗುಡೆ, ಬೈಗೆ ತುಂಬಿ ಬರುತ್ತವೆ. ವ್ರತ ಮುಗಿಸಿದವರ ಮನೆಯಲ್ಲಿ ಅಂದು ಸಾರಿನ ಪರಿಮಳ ರಸ್ತೆಗೆ ಬಂದರೆ ಯಾರೂ ಆಕ್ಷೇಪಿಸುವುದಿಲ್ಲ.

ಗದ್ದೆಯಿಂದ ಕದಿರು ತಂದು, ಮಾವಿನೆಲೆ, ಹಲಸಿನೆಲೆ, ಬಿದಿರೆಲೆಯ ಜೊತೆ ಸೇರಿಸಿ ಬಾಗಿಲಿಗೆ, ತುಳಸಿಕಟ್ಟೆಗೆ, ಬಾವಿಗೆ, ಅಕ್ಕಿ ಮುಡಿಗೆ, ನೇಗಿಲಿಗೆ ಕಟ್ಟುವ ಹೊಸ್ತು ನಮ್ಮಲ್ಲಿ ಇನ್ನೂ ನಡೆಯುತ್ತದೆ. ನೇಗಿಲು ಅಟ್ಟ ಸೇರಿರುವ ಮನೆಗಳಲ್ಲಿ ಈಗ ಬೈಕಿಗೂ ಕಟ್ಟುತ್ತಾರೆ, ನನಗದು ಸರಿಯಾಗಿಯೇ ಕಾಣುತ್ತದೆ. ಬಲಿಪಾಡ್ಯಮಿಯ ಮುಸ್ಸಂಜೆ ಗದ್ದೆಯ ಅಂಚಿನಲ್ಲಿ ದೀಪವಿಟ್ಟು ಬಲೀಂದ್ರನನ್ನು ಕರೆದು "ಕೂ" ಎಂದು ಕೂಗಿದಾಗ, ಬಯಲಿನ ಆಚೆಯ ಮನೆಯವರ "ಕೂ" ಮರಳಿ ಬರುತ್ತದೆ. ಗದ್ದೆ ಹಡಿಲು (ಪಾಳು) ಬಿದ್ದು, ಸೈಟುಗಳಾದ ಕಡೆ ಕೂಗಿಗೆ ಉತ್ತರ ಬರುವುದು ಕಡಿಮೆಯಾಗಿದೆ.

ಇದೆಲ್ಲ ಆದ ನಂತರ ಯಕ್ಷಗಾನ ಮೇಳಗಳ ತಿರುಗಾಟ ಶುರು. ಮೊದಲ ಆಟಗಳ ಚಂಡೆ ದೂರದಿಂದ ಕೇಳಿದ ರಾತ್ರಿಯಿಂದ ಮುಂದಿನ ಮೇ ತಿಂಗಳವರೆಗೆ ನಮ್ಮ ಕಡೆಯ ಜನರಿಗೆ ನಿದ್ದೆಯ ಲೆಕ್ಕ ಬೇರೆಯೇ ಇರುತ್ತದೆ.


ಹಾಲೆಮರದ ಕೆಳಗೆ (ದೆಹಲಿ)

ಇಲ್ಲಿಯೂ ಅಕ್ಟೋಬರಿನಲ್ಲಿ ಇಂಥದ್ದೊಂದು ಗುರುತು ಇದೆ. ನಮ್ಮೂರಿನಲ್ಲಿ ಏಳೆಲೆ ಹಾಲೆ ಎನ್ನುವ ಮರವನ್ನು ದೆಹಲಿಯ ರಸ್ತೆಗಳ ಬದಿಯಲ್ಲಿ ಸಾಲಾಗಿ ನೆಟ್ಟಿದ್ದಾರೆ. ಸಂಜೆಯಾದ ಮೇಲೆ ಆಟೋದಲ್ಲಿ ಮನೆಗೆ ಬರುವಾಗ ಇದ್ದಕ್ಕಿದ್ದಂತೆ ಅದರ ಘಾಟು ಬೆರೆತ ಪರಿಮಳ ಎದುರಾದರೆ, ಫ್ಯಾನು ನಿಲ್ಲಿಸುವ ದಿನ ಹತ್ತಿರ ಬಂತೆಂದು ಗೊತ್ತಾಗುತ್ತದೆ. ತಲೆನೋವು ಬರುತ್ತದೆಂದು ಬೈಯುವವರೂ ಇದ್ದಾರೆ. ಚಿತ್ತರಂಜನ್ ಪಾರ್ಕಿನ ಬಂಗಾಳಿ ಸ್ನೇಹಿತರು ದುರ್ಗಾಪೂಜೆಗೆ ಪಾರಿಜಾತ ಹುಡುಕುತ್ತಿರುತ್ತಾರೆ. ಅವರಿಗೂ ಶರತ್ಕಾಲವೆಂದರೆ ಆ ಹೂವೇ. ಈ ಸುಖ ದೀಪಾವಳಿಯವರೆಗೆ ಮಾತ್ರ, ಆಮೇಲೆ ಹೊಗೆ ಕವಿದು ಕಿಟಕಿ ಮುಚ್ಚಿಕೊಳ್ಳಬೇಕಾಗುತ್ತದೆ.

ತೋಟದಮನೆಯವರಲ್ಲಿ ಒಂದು ಪ್ರಶ್ನೆ. ಮಗಳಿಗೆ ಅಡಿಕೆ ಕೊಯ್ಲನ್ನೂ ದೀಪಾವಳಿಯ ರಾತ್ರಿ ಹಾಡುತ್ತ ದೀಪ ಹೊತ್ತು ಬರುವ ಅಂಟಿಗೆ ಪಂಟಿಗೆಯನ್ನೂ ಒಂದೇ ಸಲ ತೋರಿಸಬೇಕೆಂದಿದ್ದೇನೆ. ಮಲೆನಾಡಿಗೆ ಯಾವ ವಾರ ಬಂದರೆ ಒಳ್ಳೆಯದು?


ಕಾಫಿಕಣ (ಮೂಡಿಗೆರೆ)

ಬರುವವರು ಪಂಚಾಂಗವನ್ನು ಮಾತ್ರ ನಂಬಿ ಬರಬೇಡಿ ಎಂದು ಹೇಳುವುದು ನನ್ನ ಕರ್ತವ್ಯ. ಮಳೆ ಹಿಂದೆ ಸರಿದ ಮೇಲೆ ಎಂಬ ಶೀರ್ಷಿಕೆಯನ್ನು ಓದಿ ಸ್ವಲ್ಪ ಹೊಟ್ಟೆ ಉರಿಯಿತು. ಮುಂಗಾರು ಅಕ್ಟೋಬರ್ ನಡುವಿನಲ್ಲಿ ರಾಜ್ಯದಿಂದ ಹಿಂದೆ ಸರಿಯುತ್ತದೆ ಎನ್ನುವಷ್ಟರಲ್ಲಿ ಹಿಂಗಾರು ಬರುತ್ತದೆ, ಅದರ ಬೆನ್ನಿಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ. 2021ರ ನವೆಂಬರಿನಲ್ಲಿ ರಾಜ್ಯದ ಉದ್ದಗಲಕ್ಕೂ ಸುರಿದ ಮಳೆಗೆ ಕೊಯ್ದಿಟ್ಟ ಭತ್ತ ಗದ್ದೆಯಲ್ಲೇ ಮೊಳಕೆಯೊಡೆಯಿತು, ರಾಗಿ ಮಲಗಿತು, ಹಣ್ಣಾದ ಅರೇಬಿಕಾ ಗಿಡದಿಂದ ಉದುರಿ ಮಣ್ಣು ಸೇರಿತು. ಕಣದಲ್ಲಿ ಹರಡಿದ ಕಾಫಿಗೆ ನಡುರಾತ್ರಿ ಹನಿ ಬಿದ್ದ ಸದ್ದು ಕೇಳಿ, ಮನೆಮಂದಿಯೆಲ್ಲ ಟಾರ್ಚು ಹಿಡಿದು ಓಡಿ ಟಾರ್ಪಾಲು ಎಳೆಯುವುದು ಈ ಋತುವಿನ ನಮ್ಮ ಕಸರತ್ತು. ಬೆಳಗ್ಗೆ ಟಾರ್ಪಾಲು ತೆಗೆದಾಗ ಒಳಗಿನಿಂದ ಬಿಸಿ ಹಬೆಯೂ ಹುಳಿ ವಾಸನೆಯೂ ಬಂದರೆ ಆ ಕಾಫಿಯ ದರ್ಜೆ ಇಳಿಯಿತೆಂದೇ ಅರ್ಥ.

ಹಾಗೆಂದು ಸುಖವೇ ಇಲ್ಲವೆನ್ನಲಾರೆ. ಮಳೆ ನಿಜವಾಗಿ ನಿಂತ ಮೊದಲ ವಾರ ಬೆಳಗ್ಗೆ ಕಣಿವೆಯಲ್ಲಿ ಮಂಜು ತುಂಬಿಕೊಂಡು, ಹತ್ತು ಗಂಟೆಗೆ ಹರಿದು, ಎದುರಿನ ಗುಡ್ಡದ ಒಂದೊಂದು ಮರವೂ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಆ ವಾರ ಯಾವಾಗ ಬರುತ್ತದೆ ಎಂದು ಈಚೆಗೆ ಮುಂಚಿತವಾಗಿ ಹೇಳಲು ಬರುವುದಿಲ್ಲ.


ತೋಟದಮನೆ (ಸಾಗರ)

ಮೂಡಿಗೆರೆಯವರ ಮಾತನ್ನು ತೆಗೆದುಹಾಕುವಂತಿಲ್ಲ. ನಮ್ಮಲ್ಲಿಯೂ ಚಪ್ಪರದ ಮೇಲೆ ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸ್ ಕಟ್ಟಿಸಿಕೊಂಡವರು ಹೆಚ್ಚುತ್ತಿದ್ದಾರೆ. ಅದರೊಳಗೆ ಅಡಿಕೆ ಒಣಗುವುದೇನೋ ಹೌದು, ಕೈಯಾಡಿಸಲು ಹೋದವರು ಬೆವರಿನಲ್ಲಿ ಮಿಂದು ಹೊರಗೆ ಬರುತ್ತಾರೆ. ಎಲೆಚುಕ್ಕಿ ರೋಗ ತೋಟಕ್ಕೆ ಬಂದವರಿಗಂತೂ ಬಿಸಿಲಿಗಿಂತ ಮೊದಲು ಒಣಗಿಸಲು ಅಡಿಕೆ ಎಷ್ಟು ಉಳಿಯಿತು ಎಂಬ ಚಿಂತೆ. ಇದನ್ನು ಬಿಟ್ಟು ಸುಖವನ್ನಷ್ಟೇ ಬರೆದರೆ ಚಿತ್ರ ಅರ್ಧವಾಗುತ್ತದೆ, ಒಪ್ಪಿದೆ.

ಹೊಸನಗರದ ತಂಗಿಯ ಪ್ರಶ್ನೆಗೆ ಉತ್ತರ: ಸಾರಿಸುವವರು ನನ್ನ ಹೆಂಡತಿ ಮತ್ತು ಅತ್ತಿಗೆ. ಪಾಚಿ ಕೆತ್ತುವುದು ನನ್ನ ಪಾಲು. ನೀವು ಬರೆದದ್ದನ್ನು ಮನೆಯಲ್ಲಿ ಓದಿ ಹೇಳಿದಾಗ, ದೊಡ್ಡಬ್ಬಕ್ಕೆ (ದೀಪಾವಳಿಗೆ) ಮೂರು ಮನೆಯವರು ಸೇರಿ ಒಂದೇ ಕಡೆ ಹೋಳಿಗೆ ಮಾಡುವುದೆಂದೂ ಹೂರಣ ರುಬ್ಬುವುದು, ಬೆಂಕಿ ನೋಡಿಕೊಳ್ಳುವುದು ಗಂಡಸರ ಕೆಲಸವೆಂದೂ ಅಲ್ಲಿಯೇ ತೀರ್ಮಾನವಾಯಿತು. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ದೆಹಲಿಯವರಿಗೆ: ಬಲಿಪಾಡ್ಯಮಿಯ ಹಿಂದಿನ ದಿನ ಬಂದು ಒಂದು ವಾರ ಇರುವಂತೆ ರಜೆ ಹಾಕಿ. ಪಾಡ್ಯದ ಬೆಳಗ್ಗೆ ಕೊಟ್ಟಿಗೆಯಲ್ಲಿ ಗೋಪೂಜೆ ಇರುತ್ತದೆ. ಅಡಿಕೆ, ಪಚ್ಚೆತೆನೆ, ಚೆಂಡುಹೂವಿನ ಸರ ಕಟ್ಟಿಸಿಕೊಂಡ ದನಗಳು ಬಿಟ್ಟಕೂಡಲೇ ಒಂದರ ಸರವನ್ನು ಇನ್ನೊಂದು ತಿನ್ನಲು ನೋಡುವುದನ್ನು ಮಗಳು ಖಂಡಿತ ಇಷ್ಟಪಡುತ್ತಾಳೆ. ಅಂಟಿಗೆ ಪಂಟಿಗೆಯವರು ಆ ದಿನಗಳ ರಾತ್ರಿ ಊರಿಂದೂರಿಗೆ ದೀಪ ಹೊತ್ತು ಬರುತ್ತಾರೆ. ಎಷ್ಟು ಹೊತ್ತಿಗೆ ಎಂದು ಕೇಳಬೇಡಿ, ಹಾಡು ಮೊದಲು ಕೇಳಿಸುತ್ತದೆ, ದೀಪ ಆಮೇಲೆ. ಅವರ ದೀಪಕ್ಕೆ ಎಣ್ಣೆ ಎರೆಯುವ ಕೆಲಸವನ್ನು ಮಗಳಿಗೇ ಕೊಡಿಸುತ್ತೇನೆ. ಕೊನೆಕೊಯ್ಲು ನಮ್ಮಲ್ಲಿ ಹಬ್ಬದ ಮೂರನೆಯ ದಿನದಿಂದ ಮತ್ತೆ ಶುರುವಾಗುತ್ತದೆ. ಮಲೆನಾಡಿನ ಒಳದಾರಿಗಳಲ್ಲಿ ಕತ್ತಲಾದ ಮೇಲೆ ಬಸ್ಸು ಕಡಿಮೆ, ಆದ್ದರಿಂದ ಸಾಗರಕ್ಕೆ ಮಧ್ಯಾಹ್ನದೊಳಗೆ ತಲುಪುವ ಹಾಗೆ ಹೊರಡಿ, ಸ್ವೆಟರ್ ತನ್ನಿ, ಮೂಡಿಗೆರೆಯವರು ಹೇಳಿದ ಮೇಲೆ ಕೊಡೆಯನ್ನೂ ತನ್ನಿ.